ಕೊಡಪಾನವೂ ಹಗ್ಗವೂ

ಹೊಟ್ಟೆಕಿಚ್ಚಿಗೆ ಒಲೆ ಬೇಡ, ಸೌದೆ ಬೇಡ. ಮನುಷ್ಯ ದೇವರ ಮುಂದೆ ಕೈಮುಗಿದು ನಿಂತಿರುವಾಗಲೂ ಅದು ಒಳಗೆ ತನ್ನ ಪಾಡಿಗೆ ತಾನು ಉರಿಯುತ್ತಿರುತ್ತದೆ. ಮೂಡುಬಿದಿರೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ಮಹಾಲಿಂಗೇಶ್ವರರ ಒಳಗೆ ಅದು ಹತ್ತಿಕೊಂಡದ್ದು ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ.

ಮಹಾಲಿಂಗೇಶ್ವರರೆಂದರೆ ಆ ಸೀಮೆಯಲ್ಲಿ ಸಣ್ಣ ಹೆಸರಲ್ಲ. ಮನೆ ಪುತ್ತಿಗೆಯಲ್ಲಿ. ಬೆಳ್ತಂಗಡಿ ಕಡೆಯಿಂದ, ಅತ್ತ ನೆರಿಯದ ಕಾಡಂಚಿನಿಂದ ಕೂಡ ಮಕ್ಕಳು ಬಂದು ಪೇಟೆಯಲ್ಲಿ ರೂಮು ಹಿಡಿದು ಅವರ ಹತ್ತಿರ ಲೆಕ್ಕ ಹೇಳಿಸಿಕೊಂಡು ಹೋಗಿದ್ದಾರೆ. "ಮಾಲಿಂಗ ಸರ್ ಕೈಗೆ ಕಗ್ಗಲ್ಲು ಕೊಟ್ಟರೂ ಪಾಸು ಮಾಡಿಸ್ತಾರೆ" ಎಂಬುದು ಜನರ ಮಾತು. ಇನ್ನೊಂದು ಕೀರ್ತಿಯೂ ಅವರಿಗಿತ್ತು, ತಾಳಮದ್ದಳೆಯದ್ದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ಮುಗಿಸಿದ ಮೇಲೆ, ಪಂಚೆ ಶಾಲು ಹಾಕಿ ಎದುರುಬದುರು ಕುಳಿತ ಅರ್ಥಧಾರಿಗಳು 'ನಾನೇ ರಾಜ', 'ನಾನೇ ದೂತ' ಎಂದು ಮಾತಿಗೆ ಮಾತು ಕೊಡುತ್ತ ಹೋಗಬೇಕು. ಮಹಾಲಿಂಗೇಶ್ವರರು ದೂತನಾಗಿ ಕುಳಿತರೆ ಎದುರಿನ ರಾಜ ನೀರು ಕೇಳಿ ಕುಡಿಯುತ್ತಿದ್ದನಂತೆ.

ಇಂಥವರಿಗೆ ಒಬ್ಬಳೇ ಮಗಳು, ವಿಸ್ಮಿತಾ. ಅದೇ ಕಾಲೇಜಿನಲ್ಲಿ ಮೊದಲ ಪಿಯುಸಿ, ವಿಜ್ಞಾನ ವಿಭಾಗ. ಮೊದಲ ಪರೀಕ್ಷೆಯಲ್ಲಿ ಗಣಿತಕ್ಕೆ ಐವತ್ತರಲ್ಲಿ ಹನ್ನೊಂದು ಅಂಕ. ಪತ್ರಿಕೆ ತಿದ್ದಿದವರು ಅಪ್ಪನೇ. ಆ ಹನ್ನೊಂದನ್ನು ಬರೆಯುವ ಮೊದಲು ಅವರು ಮೂರು ಸಲ ಕೂಡಿಸಿ ನೋಡಿದ್ದರು ನಿಜ. ಆದರೆ ಅದು ದುಃಖ. ದುಃಖಕ್ಕೆ ಒಂದು ಮರ್ಯಾದೆ ಇರುತ್ತದೆ, ಅದನ್ನು ಹೆಂಡತಿಯ ಹತ್ತಿರ ಹೇಳಿಕೊಳ್ಳಬಹುದು, ದೇವರ ಹತ್ತಿರ ಹೇಳಿಕೊಳ್ಳಬಹುದು. ಆ ಮಧ್ಯಾಹ್ನ ಬಂದದ್ದು ಬೇರೆ.

ಭೌತಶಾಸ್ತ್ರದ ಹಸ್ನಾ ಮೇಡಂ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ನಕ್ಕರು. ಪಾಣೆಮಂಗಳೂರಿನ ಬಟ್ಟೆ ಅಂಗಡಿಯ ಅಬ್ದುಲ್ ಸಮದ್ ಅವರ ಮಗಳು. ದಿನಾ ಬಂಟ್ವಾಳದಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಕೆಲಸಕ್ಕೆ ಸೇರಿ ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ.

"ಸರ್, ನೀವು ಸ್ವೀಟ್ ಕೊಡಿಸ್ಬೇಕು. ಕ್ಲಾಸಿಗೇ ಫಸ್ಟ್ ಯಾರು ಗೊತ್ತುಂಟಾ? ನಿಮ್ಮ ವಿಸ್ಮಿತಾ. ನಲವತ್ತನಾಲ್ಕು!"

ಮಹಾಲಿಂಗೇಶ್ವರರ ಕೈಯಲ್ಲಿದ್ದ ನೀರುದೋಸೆಯ ಚೂರು ಚಟ್ನಿಯಲ್ಲೇ ಉಳಿಯಿತು.

ಎದುರು ಕುಳಿತಿದ್ದವರು ಕನ್ನಡದ ಸುಬ್ಬಪ್ಪ ಸರ್. ತಾಳಮದ್ದಳೆಯಲ್ಲಿ ಮಹಾಲಿಂಗೇಶ್ವರರ ಹಳೆಯ ಜೋಡಿ, ಬಾಯಿಗೆ ಬೀಗವಿಲ್ಲದ ಮನುಷ್ಯ. "ಅದು ಹೇಗೆ ಮಾರಾಯ್ರೆ? ಲೆಕ್ಕದಲ್ಲಿ ಡುಮ್ಕಿ, ಫಿಸಿಕ್ಸಲ್ಲಿ ಫಸ್ಟಾ? ಹಲ್ಲಿಲ್ಲದವ ಚಕ್ಕುಲಿ ತಿಂದ ಹಾಗಾಯ್ತಲ್ಲ!" ಎಂದು ನಗಾಡಿದರು. ಮತ್ತೆ ಬುತ್ತಿಯ ಕಡೆ ತಿರುಗಿ, "ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ದಾ?" ಎಂದೂ ಸೇರಿಸಿದರು.

"ಆ ಪೇಪರ್ ಸ್ವಲ್ಪ ಕೊಡಿ ಮೇಡಂ," ಎಂದರು ಮಹಾಲಿಂಗೇಶ್ವರರು. ಸ್ವರ ನಯವಾಗಿಯೇ ಇತ್ತು.

ಪತ್ರಿಕೆಯನ್ನು ಅವರು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ನೋಡಿದರು. ಕಲ್ಲು ಸಿಕ್ಕಿತು. ಮೇಲಕ್ಕೆ ಎಸೆದ ಚೆಂಡು ಎಷ್ಟು ಹೊತ್ತಿಗೆ ಮರಳಿ ಕೈಗೆ ಬರುತ್ತದೆ ಎಂಬ ಪ್ರಶ್ನೆ. ಸೂತ್ರ ಸರಿ ಬರೆದಿದ್ದಳು, ಮುಂದಿನ ಸಾಲಿನಲ್ಲಿ ಸೊನ್ನೆಯೊಂದು ಎಲ್ಲಿಂದಲೋ ಬಂದು ಕುಳಿತು ಉತ್ತರ ನಲವತ್ತು ಸೆಕೆಂಡು ಆಗಿತ್ತು. ಅದರ ಕೆಳಗೆ ಅವಳ ಗುಂಡು ಅಕ್ಷರ: 'ಕೈಯಲ್ಲಿ ಎಸೆದ ಚೆಂಡು ಇಷ್ಟು ಹೊತ್ತು ಆಕಾಶದಲ್ಲಿ ನಿಲ್ಲುವುದಿಲ್ಲ. ನನ್ನ ಲೆಕ್ಕದಲ್ಲಿ ಎಲ್ಲೋ ತಪ್ಪಾಗಿದೆ. ನಾಲ್ಕರ ಆಸುಪಾಸು ಇರಬೇಕು.' ಪಕ್ಕದಲ್ಲಿ ಹಸ್ನಾ ಮೇಡಂ ಒಂದೇ ಒಂದು ಅಂಕ ಕಳೆದು ಉಳಿದದ್ದೆಲ್ಲ ಕೊಟ್ಟಿದ್ದರು.

"ತಪ್ಪು ಉತ್ತರಕ್ಕೆ ಇಷ್ಟು ಮಾರ್ಕಾ?"

"ತಪ್ಪು ಅಂತ ಅವಳಿಗೇ ಗೊತ್ತಾಗಿದೆಯಲ್ಲ ಸರ್. ನಲವತ್ತು ಬಂದ ಬೇರೆಯವರು ಕೆಳಗೆ ಎರಡು ಗೆರೆ ಎಳೆದು ಆರಾಮಲ್ಲಿ ಕೂತಿದ್ದಾರೆ. ಇವಳು ಚೆಂಡಿನ ಹಿಂದೆಯೇ ಹೋಗಿ ನೋಡಿ ಬಂದಿದ್ದಾಳೆ."

"ಲೆಕ್ಕ ಬಾರದವರಿಗೆ ಫಿಸಿಕ್ಸ್ ಬರುದಿಲ್ಲ ಮೇಡಂ. ಇಂದು ಬಂದ ಹಾಗೆ ಕಾಣ್ತದೆ ಅಷ್ಟೆ."

"ಲೆಕ್ಕ ಬೇಕು ಸರ್, ಬೇಡ ಅಂತ ನಾನು ಹೇಳುದಿಲ್ಲ," ಎಂದರು ಹಸ್ನಾ. "ಅದನ್ನು ನೀವು ಕಲಿಸ್ತೀರಲ್ಲ. ನಿಮಗಿಂತ ಚೆನ್ನಾಗಿ ಯಾರು ಕಲಿಸ್ತಾರೆ?"

ಹಸ್ನಾ ಅದನ್ನು ಗೌರವದಿಂದಲೇ ಹೇಳಿದ್ದರು. ಮಹಾಲಿಂಗೇಶ್ವರರಿಗೆ ಅದು ಮುಳ್ಳಾಗಿ ತಾಗಿತು. ಹುಟ್ಟಿದಂದಿನಿಂದ ಮಗಳನ್ನು ತೊಡೆಯ ಮೇಲೆ ಕೂರಿಸಿ ಮಗ್ಗಿ ಹೇಳಿಕೊಟ್ಟವರು ಅವರು. ಆ ಬಾಯಿ ಅವರ ಮುಂದೆ ಬಿಡಲಿಲ್ಲ. ನಿನ್ನೆ ಮೊನ್ನೆ ಬಂದವಳ ಮುಂದೆ ಅರಳಿತು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ವಿಸ್ಮಿತಾಳ ಬಾಯಲ್ಲಿ ಒಂದೇ ಜಪ. ಹಸ್ನಾ ಮೇಡಂ ಹಾಗೆ ಹೇಳಿದರು, ಹಸ್ನಾ ಮೇಡಂ ಹೀಗೆ ತೋರಿಸಿದರು. ಬಸ್ಸು ಬ್ರೇಕ್ ಹಾಕಿದಾಗ ನಮ್ಮನ್ನು ಯಾರೂ ಮುಂದೆ ದೂಡುವುದಿಲ್ಲವಂತೆ, ನಾವು ಹೋಗುತ್ತಿದ್ದದ್ದೇ ಹೋಗುವುದಂತೆ, ನಿಂತದ್ದು ಬಸ್ಸು ಮಾತ್ರವಂತೆ.

"ಅಪ್ಪ, ಇದು ನಿಮಗೆ ಗೊತ್ತಿತ್ತಾ?"

"ನನಗೆ ಗೊತ್ತಿಲ್ಲದ್ದು ನಿನ್ನ ಮೇಡಂಗೆ ಗೊತ್ತುಂಟಾ?" ಎಂದರು ಮಹಾಲಿಂಗೇಶ್ವರರು. ಮಗಳು ಬಟ್ಟಲಿನ ಕಡೆ ಬಗ್ಗಿದಳು. ತುಂಗಾ ಗಂಡನ ಮುಖ ನೋಡಿ ಸಾರು ಬಡಿಸಿದರು.

ಊಟ ಮುಗಿಸಿ ಅವರು ಪೆನ್ಸಿಲು ಕಾಗದ ತಂದು ಕುಳಿತರು. "ಬಾ ಇಲ್ಲಿ. ಈ ಸಮೀಕರಣ ಬಿಡಿಸು." ಹುಡುಗಿ ಬಂದಳು. ಬಂದವಳ ಭುಜ ಒಳಸರಿಯಿತು. ಎರಡು ಸಾಲು ಬರೆದಳು, ಮೂರನೆಯದರಲ್ಲಿ ಮೈನಸ್ ಚಿಹ್ನೆಯನ್ನು ದಾರಿಯಲ್ಲೇ ಬಿಟ್ಟಳು. ಅವಳ ಯಾವಾಗಿನ ಚಾಳಿಯೇ ಅದು. ಅಪ್ಪ 'ಚ್' ಎಂದರು. ಪೆನ್ಸಿಲು ನಿಂತಿತು. ಬಸ್ಸಿನ ಕಥೆ ಹೇಳುವಾಗ ಅಷ್ಟು ಬೆಳಕಾಗಿದ್ದ ಮುಖ, ಮಳೆಗೆ ಬಾಗಿಲು ಹಾಕಿದ ಅಂಗಡಿಯ ಹಾಗೆ ಕಂಡಿತು.

"ಆಗ್ಲಿ," ಎಂದರು ಮಹಾಲಿಂಗೇಶ್ವರರು. "ವಿಭಾಗ ಬದಲಿಸ್ಲಿಕ್ಕೆ ಈ ತಿಂಗಳ ಕೊನೆಯವರೆಗೆ ಸಮಯ ಉಂಟು. ಕಾಮರ್ಸಿಗೆ ಹೋಗು. ಅರ್ಜಿ ನಾನು ತರ್ತೇನೆ."

"ನನಗೆ ಫಿಸಿಕ್ಸ್ ಬೇಕು ಅಪ್ಪ."

"ಲೆಕ್ಕ ಬಿಟ್ಟು ಫಿಸಿಕ್ಸ್ ಒಂದೇ ಕೊಡ್ಲಿಕ್ಕೆ ಅದೇನು ಹೋಟೆಲಾ?"

"ಲೆಕ್ಕ ನಿಧಾನ ಬರ್ತದೆ ಅಂತ ಮೇಡಂ ಹೇಳಿದ್ರು. ಬರುವವರೆಗೆ ಬಿಡ್ಬೇಡ ಅಂದ್ರು."

ಆ ಮಾತೇ ಅರ್ಜಿಗೆ ಮೊಹರು ಒತ್ತಿದಂತಾಯಿತು. ಮಗಳು ಒಳಗೆ ಹೋದ ಮೇಲೆ ತುಂಗಾ ಮೆಲ್ಲಗೆ ಕೇಳಿದರು, "ಅವಳು ಲೆಕ್ಕದಲ್ಲಿ ಬಿದ್ಲು ಅಂತ ಕಾಮರ್ಸಾ, ಅಥವಾ ಫಿಸಿಕ್ಸಲ್ಲಿ ಎದ್ಲು ಅಂತಲಾ?"

ಮಹಾಲಿಂಗೇಶ್ವರರು ಪೆನ್ಸಿಲು ಕಾಗದ ಎತ್ತಿಟ್ಟರು. ಇಡೀ ಸಭೆಗೆ ಉತ್ತರ ಕೊಡಬಲ್ಲ ಗಂಡಸು ಅಡುಗೆಮನೆಯ ಬಾಗಿಲಲ್ಲಿ ಸೋಲುವುದು ಹೊಸತೇನಲ್ಲ.

ಮರುದಿನ ಬೆಳಿಗ್ಗೆ ದೇವಸ್ಥಾನಕ್ಕೆ ಹೋದರು. ಅಭಿಷೇಕದ ನೀರು ಇಳಿಯುತ್ತಿತ್ತು. ಅವರು ಕಣ್ಣು ಮುಚ್ಚಿ ನಿಂತು, ದೇವರೇ, ಮಗಳಿಗೆ ಒಳ್ಳೆ ಬುದ್ಧಿ ಕೊಡು ಎಂದು ಶುರುಮಾಡಿದರು. ಮಾತು ಅಲ್ಲಿ ನಿಲ್ಲಲಿಲ್ಲ. ಆ ಮೇಡಂ ಮಾರ್ಕು ಧಾರಾಳ ಕೊಡ್ತಾಳೆ, ಮಕ್ಕಳನ್ನು ನಗಿಸಿ ಬುಟ್ಟಿಗೆ ಹಾಕ್ಕೊಳ್ತಾಳೆ, ನನ್ನ ಹಾಗೆ ಬೆವರು ಸುರಿಸಿ ಕಲಿಸುವವನಿಗೆ ಬೆಲೆಯೇ ಇಲ್ಲ... ದೇವರ ಮುಂದೆ ದೂರು ಹೇಳುವವನಿಗೆ ತನ್ನ ಸ್ವರ ತನಗೆ ಕೇಳಿಸುವುದಿಲ್ಲ, ಅದೊಂದು ಕಷ್ಟ. ದೇವರಿಗೆ ಕೇಳಿಸುತ್ತದೆ. ಆದರೆ ದೇವರು ಎಲ್ಲದಕ್ಕೂ ಕೂಡಲೇ ಉತ್ತರ ಕೊಡುವ ಅರ್ಥಧಾರಿ ಅಲ್ಲ. ಭಟ್ಟರು ತೀರ್ಥ ಕೊಟ್ಟರು. ಕುಡಿದು, ಉಳಿದದ್ದನ್ನು ತಲೆಗೆ ಸವರಿ, ಹೋದಷ್ಟೇ ಭಾರದಲ್ಲಿ ಅವರು ಹೊರಗೆ ಬಂದರು.

ಹೊಟ್ಟೆಕಿಚ್ಚಿನ ಇನ್ನೊಂದು ಗುಣವಿದೆ. ಯಾವುದನ್ನು ನೋಡಿದರೆ ಉರಿಯುತ್ತದೋ ಅದನ್ನೇ ಮತ್ತೆ ನೋಡಬೇಕೆನಿಸುತ್ತದೆ. ಆ ವಾರ ಮಹಾಲಿಂಗೇಶ್ವರರು ಯಾವುದೋ ನೆಪ ಹೂಡಿ ಭೌತಶಾಸ್ತ್ರದ ಲ್ಯಾಬಿನ ಕಡೆಗೆ ಹೋಗುವುದು ಜಾಸ್ತಿಯಾಯಿತು. ಒಮ್ಮೆ ಬಾಗಿಲು ಅರ್ಧ ತೆರೆದಿತ್ತು. ತಕ್ಕಡಿ, ತೂಕದ ಬಟ್ಟುಗಳ ಕಪಾಟಿನ ಪಕ್ಕ, ಗೋಡೆಗೆ ಮುಖ ಮಾಡಿ ಹಸ್ನಾ ನಮಾಜು ಮಾಡುತ್ತಿದ್ದರು. ಮುಗಿಸಿ ಎದ್ದವರ ಮುಖದಲ್ಲಿ ಒಂದು ನೆಮ್ಮದಿ. ಸೀದಾ ಹೋಗಿ ಬೋರ್ಡು ಒರೆಸತೊಡಗಿದರು. ಮಹಾಲಿಂಗೇಶ್ವರರಿಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು. ನನಗೆ ಅಭಿಷೇಕದ ಎದುರು ನಿಂತರೂ ಸಿಗದ್ದು ಇವಳಿಗೆ ತಕ್ಕಡಿಯ ಬುಡದಲ್ಲಿ ಸಿಗುವುದೇ? ಹಾಗೆ ಎಣಿಸಿದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು. ಒಬ್ಬರ ಪ್ರಾರ್ಥನೆಯನ್ನು ಕಂಡು ಕರುಬುವ ಮಟ್ಟಕ್ಕೆ ಇಳಿದೆನಲ್ಲ ಎಂದು ಬೇಗ ಬೇಗ ಮೆಟ್ಟಲು ಇಳಿದರು.

ಇಳಿದವರು ಮರುದಿನ ಮತ್ತೆ ಹತ್ತಿದರು. ಕ್ಲಾಸು ನಡೆಯುತ್ತಿತ್ತು. ಕಿಟಕಿಯ ಆಚೆ ಕಂಬದ ಮರೆಯಲ್ಲಿ ನಿಂತರು. ಒಳಗಿನಿಂದ ಮಗಳ ಸ್ವರ ಬಂತು, ಆದರೆ ಅದು ಮನೆಯಲ್ಲಿ ಕೇಳುವ ಸ್ವರವಲ್ಲ.

"ಎಲೈ ನೆಲವೇ! ನಾನು ಪೆಟ್ಟಿಗೆ. ನಿನ್ನ ಮೇಲೆ ಸುಮ್ಮನೆ ಕುಳಿತವಳು. ಭೂಮಿ ನನ್ನನ್ನು ಕೆಳಗೆ ಎಳೆಯುತ್ತಿದ್ದಾಳೆ. ಆದರೂ ನಾನು ಒಳಗೆ ಹೂತುಹೋಗಲಿಲ್ಲ. ಯಾಕೆ? ಹೇಳು, ನೀನು ನನಗೆ ಏನು ಮಾಡುತ್ತಿದ್ದೀ?"

ಮಕ್ಕಳು ಹೋ ಎಂದು ನಕ್ಕರು. ನೆಲವಾಗಿ ಕುಳಿತಿದ್ದವಳು ಉಝ್ಮಾ ಎಂಬ ಹುಡುಗಿ. ಅವಳು ತಡವರಿಸಿ, "ನಾನು... ನಿನ್ನನ್ನು ಮೇಲಕ್ಕೆ ಒತ್ತುತ್ತೇನೆ ಮಾರಾಯ್ತಿ!" ಎಂದಳು.

"ಎಷ್ಟು ಒತ್ತುತ್ತೀ?"

"ನೀನು ಎಷ್ಟು ಭಾರವೋ ಅಷ್ಟು. ಒಂದು ತುಂಡೂ ಹೆಚ್ಚಿಲ್ಲ."

"ಹೆಚ್ಚು ಒತ್ತಿದರೆ?"

"ನೀನು ಹಾರಿಹೋಗ್ತೀ!"

ಮತ್ತೆ ನಗು. ಹಸ್ನಾ ಬೋರ್ಡಿನಲ್ಲಿ ಪೆಟ್ಟಿಗೆ ಬರೆದು ಒಂದು ಬಾಣ ಕೆಳಕ್ಕೆ, ಒಂದು ಬಾಣ ಮೇಲಕ್ಕೆ ಎಳೆದರು. "ಈಗ ಇದನ್ನು ಸೂತ್ರದಲ್ಲಿ ಬರೀರಿ" ಎಂದರು. ಮಕ್ಕಳು ತಲೆ ಬಗ್ಗಿಸಿ ಬರೆದರು.

ಮಹಾಲಿಂಗೇಶ್ವರರು ಕಂಬ ಹಿಡಿದು ನಿಂತರು. ಪ್ರಶ್ನೆ ಕೇಳಿ ಒಂದು ಗಳಿಗೆ ತಡೆಯುವ ರೀತಿ, 'ಹೇಳು' ಎಂಬಲ್ಲಿ ಸ್ವರ ಇಳಿಸುವ ರೀತಿ, ಎಲ್ಲ ಅವರದ್ದೇ. ಸಣ್ಣವಳಿದ್ದಾಗ ತಾಳಮದ್ದಳೆಗೆ ಕರೆದುಕೊಂಡು ಹೋದರೆ ಅಪ್ಪನ ಶಾಲು ಹೊದ್ದು, ಮದ್ದಳೆಯ ಹಿಂದೆ ಕುಳಿತು ಕೇಳುತ್ತಿದ್ದ ಮಗು ಅದು. ಬೇರೆ ಯಾರಾದರೂ ಆಗಿದ್ದರೆ ಎದೆ ತುಂಬಿ ಬರುತ್ತಿತ್ತು. ಅವರ ಎದೆಗೆ ಆಗ ಬಂದದ್ದು ಒಂದೇ ಮಾತು: ನನ್ನದನ್ನೇ ಕೊಂಡುಹೋಗಿ ಆ ಮೇಡಂನ ಅಂಗಡಿಯಲ್ಲಿ ಇಟ್ಟಿದ್ದಾಳೆ!

ಗಂಟೆ ಹೊಡೆದ ಮೇಲೆ ಹಸ್ನಾ ಹೊರಗೆ ಬಂದು ಅವರನ್ನು ಕಂಡರು. "ಕೇಳಿದ್ರಾ ಸರ್? ಇದು ನನ್ನ ಐಡಿಯ ಅಲ್ಲ. ಒಂದು ದಿನ ಅವಳಿಗೆ ಲೆಕ್ಕ ಹೋಗ್ಲಿಲ್ಲ, 'ನಾನು ಪೆಟ್ಟಿಗೆ ಆಗಿ ಮಾತಾಡ್ಲಾ ಮೇಡಂ' ಅಂತ ಕೇಳಿದ್ಲು. ಮಾತಾಡು ಅಂದೆ, ಅಷ್ಟೆ."

"ನಿಮಗೆ ತಾಳಮದ್ದಳೆ ಎಂತ ಗೊತ್ತು?"

"ಪಾಣೆಮಂಗಳೂರಲ್ಲಿ ಮೈಕದಲ್ಲಿ ಅದನ್ನು ಕೇಳದೆ ಯಾರು ಬೆಳೀತಾರೆ ಸರ್? ಆಟಿಯಲ್ಲಿ ನಮ್ಮ ಉಮ್ಮ ಕೂಡ ಜಗಲಿಯಲ್ಲಿ ಕೂತು ಕೇಳುದೇ. ಯಾರು ಗೆದ್ರು ಅಂತ ಮರುದಿನ ವಿಚಾರಣೆ ಬೇರೆ!"

ಮಹಾಲಿಂಗೇಶ್ವರರು ನಗಲಿಲ್ಲ. "ವಿಸ್ಮಿತಾ ಕಾಮರ್ಸಿಗೆ ಹೋಗ್ತಾಳೆ. ಅರ್ಜಿ ತಯಾರುಂಟು," ಎಂದರು.

ಹಸ್ನಾರ ಮುಖ ಬಾಡಿತು. "ಸರ್, ಅವಳಿಗೆ ಲೆಕ್ಕ ಕಷ್ಟ, ನಿಜ. ಬೇರೆಯವರು ಒಂದು ಲೆಕ್ಕಕ್ಕೆ ತೆಗೊಳ್ಳುವ ಹೊತ್ತು ಇವಳಿಗೆ ಮೂರು ಪಟ್ಟು ಬೇಕು. ಆದ್ರೆ ಎಲ್ಲಿ ಹೋಗ್ಬೇಕು ಅಂತ ಅವಳಿಗೆ ಮೊದಲೇ ಕಾಣ್ತದೆ. ಹಾಗೆ ಕಾಣುವವರು ನನಗೆ ಸಿಗುದೇ ಕಮ್ಮಿ. ಬಿಡಿಸ್ಬೇಡಿ."

"ನನ್ನ ಮಗಳನ್ನು ನನಗೆ ಪರಿಚಯ ಮಾಡಿಸ್ಬೇಡಿ ಮೇಡಂ."

ತಿಂಗಳ ಕೊನೆಯ ದಿನ ಬಂತು. ಸಂಜೆ ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಉಳಿದವರು ನಾಲ್ಕೇ ಜನ. ಅರ್ಜಿ ಎದುರಿಗಿಟ್ಟುಕೊಂಡ ಮಹಾಲಿಂಗೇಶ್ವರರು, ಬದಿಯಲ್ಲಿ ನಿಂತ ವಿಸ್ಮಿತಾ, ಬಸ್ಸಿಗೆ ಹೊರಟವರು ಹೊರಡದೆ ನಿಂತ ಹಸ್ನಾ, ಮತ್ತೆ ಇಂಥ ಕಡೆಯಿಂದ ಏಳುವ ಜಾಯಮಾನವೇ ಅಲ್ಲದ ಸುಬ್ಬಪ್ಪ.

ಸಹಿ ಹಾಕಿ ಪ್ರಿನ್ಸಿಪಾಲರ ಮೇಜಿಗೆ ತಲುಪಿಸಿದರೆ ಆಯಿತು. ಆದರೆ ಅವರಿಗೆ ಅಷ್ಟರಿಂದ ತೃಪ್ತಿಯಿರಲಿಲ್ಲ. ತಾನು ಹೇಳಿದ್ದೇ ಸರಿ ಎಂದು ಆ ಮೇಡಂನ ಎದುರಿಗೇ ಆಗಬೇಕಿತ್ತು.

"ಅನ್ಯಾಯ ಮಾಡಿದೆ ಅಂತ ನಾಳೆ ಯಾರೂ ಹೇಳ್ಬಾರದು," ಎಂದರು. "ಒಂದೇ ಲೆಕ್ಕ ಕೊಡ್ತೇನೆ. ನನ್ನ ಗಣಿತದ್ದಲ್ಲ, ನಿಮ್ಮ ಫಿಸಿಕ್ಸಿನದ್ದೇ. ಅವಳು ಮಾಡಿದ್ರೆ ಈ ಅರ್ಜಿ ಹರಿದು ಹಾಕ್ತೇನೆ. ಮಾಡದಿದ್ರೆ ಸಹಿ. ಆಗ್ಬಹುದಾ?"

ಹಸ್ನಾ ವಿಸ್ಮಿತಾಳನ್ನು ನೋಡಿದರು. ಹುಡುಗಿ ತಲೆ ಅಲ್ಲಾಡಿಸಿದಳು, ಆಗಬಹುದು ಎಂದು.

ಮಹಾಲಿಂಗೇಶ್ವರರು ಬರೆದರು. ಐದು ಕಿಲೋ ತೂಗುವ ಕೊಡಪಾನವೊಂದನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸುತ್ತಿದ್ದಾರೆ. ಇಳಿಯುವಾಗ ಅದರ ವೇಗ ಸೆಕೆಂಡಿಗೆ ಹನ್ನೆರಡರಂತೆ ಏರುತ್ತಿದೆ. ಹಗ್ಗದ ಎಳೆತ ಎಷ್ಟು? ಕೈಬಿಟ್ಟ ವಸ್ತು ತಾನಾಗಿ ಬೀಳುವಾಗ ವೇಗ ಸೆಕೆಂಡಿಗೆ ಹತ್ತರಂತೆ ಏರುತ್ತದೆ ಎಂದು ಹಿಡಿಯಬೇಕು.

ಸುಲಭದ ಲೆಕ್ಕವೇ. ಆದರೆ ಹನ್ನೆರಡು ಎಂಬ ಸಂಖ್ಯೆಯನ್ನು ಅವರು ಸುಮ್ಮನೆ ಹಾಕಿರಲಿಲ್ಲ. ಹತ್ತರಿಂದ ಹನ್ನೆರಡು ಕಳೆದರೆ ಮೈನಸ್ ಎರಡು, ಅದನ್ನು ಐದು ಕಿಲೋದಿಂದ ಗುಣಿಸಿದರೆ ಮೈನಸ್ ಹತ್ತು. ಮೈನಸ್ ಬಂದಲ್ಲಿ ಮಗಳು ಜಾರುತ್ತಾಳೆ. ಎಲ್ಲಿ ಜಾರುತ್ತಾಳೆಂದು ಗೊತ್ತಿದ್ದ ಅಪ್ಪ ಅಲ್ಲೇ ಎಣ್ಣೆ ಹೊಯ್ದಿದ್ದರು. ಉತ್ತರ 'ಮೈನಸ್ ಹತ್ತು' ಎಂದು ಮನಸ್ಸಿನಲ್ಲೇ ಮಾಡಿಟ್ಟು ಕುಳಿತರು.

ವಿಸ್ಮಿತಾ ಕುಳಿತು ಪೆನ್ಸಿಲು ಹಿಡಿದಳು. ಭುಜ ಮನೆಯಲ್ಲಿ ಸರಿದ ಹಾಗೆಯೇ ಒಳಸರಿಯಿತು. ಕಾಗದ ಬಿಳಿಯಾಗಿಯೇ ಉಳಿಯಿತು. ಹೊರಗೆ ಬಂಟ್ವಾಳದ ಬಸ್ಸು ಹಾರ್ನ್ ಹಾಕಿ ಹೋಯಿತು, ಹಸ್ನಾ ಅತ್ತ ತಿರುಗಲಿಲ್ಲ. ಮಹಾಲಿಂಗೇಶ್ವರರು ಪೆನ್ನಿನ ಕ್ಯಾಪು ತೆಗೆದರು.

"ಕೊಡಪಾನ ಎಂತ ಹೇಳ್ತದೆ ವಿಸ್ಮಿತಾ?" ಎಂದರು ಹಸ್ನಾ, ಸಣ್ಣ ಸ್ವರದಲ್ಲಿ.

"ಹೇಳಿಕೊಡುವ ಹಾಗಿಲ್ಲ!"

"ಹೇಳಿಕೊಡ್ಲಿಲ್ಲ ಸರ್. ಕೇಳಿದ್ದು."

ಹುಡುಗಿ ಪೆನ್ಸಿಲು ಕೆಳಗಿಟ್ಟು ನೆಟ್ಟಗೆ ಕುಳಿತಳು. "ನಾನು ಕೊಡಪಾನ," ಎಂದಳು. ಮತ್ತೆ ನಿಂತಳು. ಎದುರಿಗೆ ಯಾರೂ ಇರಲಿಲ್ಲ.

"ಎದುರು ಅರ್ಥಧಾರಿ ಇಲ್ಲದೆ ಯಾರ ಹತ್ತಿರ ಮಾತಾಡುದು ಅವಳು? ಗೋಡೆಯ ಹತ್ತಿರವಾ?" ಎಂದು ಸುಬ್ಬಪ್ಪ ಗದರಿದರು. "ಹಗ್ಗ ಯಾರಾದ್ರೂ ಆಗಿ ಮಾರಾಯ್ರೆ."

ಹಸ್ನಾ ಕುರ್ಚಿ ಎಳೆದರು. "ನಾನು ಆಗ್ತೇನೆ."

"ನೀವು ಬೇಡ!" ಮಹಾಲಿಂಗೇಶ್ವರರ ಬಾಯಿಂದ ಮಾತು ಹಾರಿಯೇ ಹೋಯಿತು. ತನ್ನ ಮಗಳ ಎದುರು, ತನ್ನ ಕಲೆಯಲ್ಲಿ, ಅವಳು ಕುಳಿತುಕೊಳ್ಳುವುದೇ? "ಹಗ್ಗ ನಾನು."

ಕುರ್ಚಿ ತಿರುಗಿಸಿ ಮಗಳ ಎದುರಿಗೆ ಕುಳಿತರು. ಕುಳಿತ ಮೇಲೆ ಅಭ್ಯಾಸ ಬಿಡುತ್ತದೆಯೇ? ಬೆನ್ನು ತಾನಾಗಿ ನೇರವಾಯಿತು, ಹೆಗಲಿನಲ್ಲಿ ಇಲ್ಲದ ಶಾಲನ್ನು ಕೈ ಸರಿಪಡಿಸಿತು.

"ನಾನು ಹಗ್ಗ. ತೆಂಗಿನ ನಾರಿನಲ್ಲಿ ಹುಟ್ಟಿ, ಹತ್ತು ಕೈಗಳಲ್ಲಿ ಹೊಸೆದು ಬಂದವ. ನನ್ನನ್ನು ಹಿಡಿಯದೆ ಬಾವಿಗೆ ಇಳಿದ ಕೊಡಪಾನ ಮೇಲೆ ಬಂದದ್ದಿಲ್ಲ. ಕೊಡಪಾನವೇ, ನಿನ್ನ ಸಂಶಯವೇನು?"

"ಭಲೇ!" ಎಂದರು ಸುಬ್ಬಪ್ಪ.

ವಿಸ್ಮಿತಾಳ ಕಣ್ಣು ಅರಳಿತು. ಅಪ್ಪ ಅವಳೊಡನೆ ಹೀಗೆ ಮಾತಾಡಿದ್ದು ಅದೇ ಮೊದಲು.

"ಅಯ್ಯಾ ಹಗ್ಗವೇ, ನೀನು ನನ್ನನ್ನು ಯಾವ ಕಡೆಗೆ ಎಳೆಯುವವ?"

"ಮೇಲಕ್ಕೆ. ಅದೇ ನನ್ನ ಧರ್ಮ."

"ನೀನು ಬಿಗಿಯಾಗಿ ಹಿಡಿದರೆ?"

"ನಿಧಾನ ಇಳಿಯುತ್ತೀ."

"ಸಡಿಲ ಬಿಟ್ಟರೆ?"

"ಬೇಗ ಇಳಿಯುತ್ತೀ."

"ಪೂರ್ತಿ ಕೈಬಿಟ್ಟರೆ?"

"ಕಲ್ಲಿನ ಹಾಗೆ ಬೀಳುತ್ತೀ. ಭೂಮಿ ಎಳೆದಷ್ಟು."

"ಅಂದರೆ ಹತ್ತು." ವಿಸ್ಮಿತಾ ಒಂದು ಗಳಿಗೆ ತಡೆದಳು. "ನೀನು ಪೂರ್ತಿ ಕೈಬಿಟ್ಟರೂ ನನಗೆ ಹತ್ತೇ. ಆದರೆ ನಾನು ಹನ್ನೆರಡರಲ್ಲಿ ಇಳಿಯುತ್ತಿದ್ದೇನಂತೆ. ಉಳಿದ ಎರಡು ಯಾರು ಕೊಟ್ಟದ್ದು? ಬೀಳುವುದಕ್ಕಿಂತಲೂ ಬೇಗ ನಾನು ಬಾವಿಗೆ ಹೋಗಬೇಕಾದರೆ ಯಾರೋ ನನ್ನನ್ನು ಮೇಲಿನಿಂದ ದೂಡಬೇಕು. ನನ್ನ ಮೇಲೆ ಇರುವವ ನೀನೊಬ್ಬನೇ. ಹಗ್ಗವೇ, ಎಳೆಯುವುದು ನಿನಗೆ ಗೊತ್ತು. ನೀನು ದೂಡಬಲ್ಲೆಯಾ? ಹೇಳು."

ಮಹಾಲಿಂಗೇಶ್ವರರು ಉತ್ತರಕ್ಕೆ ಬಾಯಿ ತೆರೆದರು. ಮನಸ್ಸಿನಲ್ಲಿದ್ದ 'ಮೈನಸ್ ಹತ್ತು' ಕಣ್ಣೆದುರು ಬಂದು ನಿಂತಿತು. ಮೈನಸ್ ಎಂದರೆ ಎಳೆತವಲ್ಲ, ದೂಡುವಿಕೆ. ಹಗ್ಗ ದೂಡುವುದುಂಟೇ? ದೂಡಿದರೆ ಅದು ಮುದುಡಿ ಬೀಳುತ್ತದೆ. ಬಾವಿಕಟ್ಟೆಗೆ ಹೋಗುವ ಮಗುವಿಗೂ ಗೊತ್ತಿರುವ ಸಂಗತಿ. ಮಗಳನ್ನು ಬೀಳಿಸುವ ಅವಸರದಲ್ಲಿ ಅವರು ಸಂಖ್ಯೆಯನ್ನು ನೋಡಿದ್ದರು, ಮೈನಸ್ ಚಿಹ್ನೆಯನ್ನು ನೋಡಿದ್ದರು, ಹಗ್ಗವನ್ನು ನೋಡಿರಲಿಲ್ಲ.

ತಪ್ಪಿಸಿಕೊಳ್ಳಲು ದಾರಿಗಳಿದ್ದವು. ಎದ್ದು, ಇದು ತಮಾಷೆ, ಉತ್ತರ ಬರಿ ಎಂದು ಹೇಳಬಹುದಿತ್ತು. ಮಾಸ್ತರರಾಗಿದ್ದರೆ ಹೇಳುತ್ತಿದ್ದರೋ ಏನೋ. ಆದರೆ ಅರ್ಥಕ್ಕೆ ಕುಳಿತವರು ಪ್ರಸಂಗದ ನಡುವೆ ಎದ್ದದ್ದಿಲ್ಲ, ಮತ್ತೆ ತಾನು ಹೊತ್ತ ಪಾತ್ರದ ಬಗ್ಗೆ ಸುಳ್ಳು ಹೇಳಿದ್ದೂ ಇಲ್ಲ. ಕುಳಿತದ್ದು ಹೊಟ್ಟೆಕಿಚ್ಚಿನಿಂದಲೇ ಇರಬಹುದು. ಕುಳಿತ ಆಸನಕ್ಕೆ ಅದರ ಹಂಗಿಲ್ಲವಲ್ಲ.

ತೆರೆದಿಟ್ಟ ಪೆನ್ನಿಗೆ ಅವರು ಕ್ಯಾಪು ಹಾಕಿದರು.

"ಇಲ್ಲ," ಎಂದರು ಮಹಾಲಿಂಗೇಶ್ವರರು. "ಹಗ್ಗ ದೂಡುವುದಿಲ್ಲ."

"ಹಾಗಾದರೆ ಈ ಲೆಕ್ಕದ ಹಾಗೆ ನಾನು ಇಳಿಯಲಾರೆ," ಎಂದಳು ಕೊಡಪಾನ. ಮತ್ತೆ ಸ್ವರ ಇಳಿದು ಮಗಳಾದಳು. "ಲೆಕ್ಕ ತಪ್ಪಾಗಿದೆ ಅಪ್ಪ. ಕೊಟ್ಟದ್ದೇ ತಪ್ಪು."

ಹಸ್ನಾ ಹೋಗಿ ಮಗುವನ್ನು ತಬ್ಬಿಕೊಳ್ಳಲಿಲ್ಲ, ಗೆದ್ದೆವು ಎಂಬ ಮುಖವನ್ನೂ ಮಾಡಲಿಲ್ಲ. ಚೀಲ ಹೆಗಲಿಗೇರಿಸಿ, "ಇನ್ನೊಂದು ಬಸ್ಸು ಉಂಟು, ಬರ್ತೇನೆ ಸರ್" ಎಂದಷ್ಟೇ ಹೇಳಿ ಹೊರಟರು. ಸೋತವನನ್ನು ನೋಡುತ್ತ ನಿಲ್ಲದಿರುವುದೂ ಒಂದು ದೊಡ್ಡ ದಾನ. ಆ ದಾನವನ್ನು ಸ್ವೀಕರಿಸುವುದೂ ಅಂದು ಮಹಾಲಿಂಗೇಶ್ವರರಿಗೆ ಕಷ್ಟವೇ ಆಯಿತು. ಅರ್ಜಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು.

"ಹಗ್ಗ ಒಳ್ಳೆದಿತ್ತು ಮಾರಾಯ್ರೆ," ಎಂದರು ಸುಬ್ಬಪ್ಪ. "ಕೊಡಪಾನ ಅದಕ್ಕಿಂತ ಒಳ್ಳೆದಿತ್ತು."

ಪುತ್ತಿಗೆಗೆ ಹೋಗುವ ದಾರಿಯಲ್ಲಿ ವಿಸ್ಮಿತಾ ಸ್ಕೂಟರಿನ ಹಿಂದೆ ಕುಳಿತಿದ್ದಳು. ಮಹಾಲಿಂಗೇಶ್ವರರು ಕಿಚ್ಚು ಆರಿದೆಯೇ ಎಂದು ಒಳಗೆ ಮುಟ್ಟಿ ನೋಡಿಕೊಂಡರು. ಆರಿರಲಿಲ್ಲ. ಒಂದು ಸಂಜೆಗೆ ಆರುವ ಬೆಂಕಿಯಲ್ಲ ಅದು. ಆದರೆ ಅದಕ್ಕೆ ಈಗ ಒಂದು ಹೆಸರಿತ್ತು, ಹೆಸರಿಟ್ಟು ಕರೆದರೆ ಅದು ತಲೆ ಎತ್ತಿ ನೋಡುತ್ತಿತ್ತು. ದೇವರೇ, ಇದನ್ನು ತೆಗಿ ಎಂದು ಕೇಳಲು ಅವರಿಗೆ ಧೈರ್ಯ ಸಾಲಲಿಲ್ಲ. ಇದು ನನ್ನಲ್ಲಿ ಉಂಟು ಎಂದು ಮಾತ್ರ ಹೇಳಿಕೊಂಡರು. ಅಷ್ಟು ದಿನಗಳಲ್ಲಿ ಅವರು ಮಾಡಿದ ಮೊದಲ ಸತ್ಯವಾದ ಪ್ರಾರ್ಥನೆ ಅದು.

"ಅಪ್ಪ," ಎಂದಳು ಮಗಳು ಹಿಂದಿನಿಂದ. "ಮೈನಸ್ ಬಂದ್ರೆ ಯಾವಾಗ್ಲೂ ಲೆಕ್ಕ ತಪ್ಪು ಅಂತಲಾ?"

ಮಹಾಲಿಂಗೇಶ್ವರರು ಸ್ಕೂಟರನ್ನು ಬದಿಗೆ ನಿಲ್ಲಿಸಿದರು. ಲೆಕ್ಕದ ಬಗ್ಗೆ ಅವಳು ತಾನಾಗಿ ಕೇಳಿದ್ದು ಯಾವಾಗ ಎಂದು ಅವರಿಗೆ ನೆನಪಾಗಲಿಲ್ಲ.

"ಅಲ್ಲ ಮಗಾ. ಹಗ್ಗದ ಬದಲು ಒಂದು ಉದ್ದದ ಕೋಲು ಕಟ್ಟಿದ್ರೆ?"

ಅವಳು ಯೋಚಿಸಿದಳು. ಕೈಯಲ್ಲಿ ಗಾಳಿಯನ್ನೇ ಕೋಲಾಗಿ ಹಿಡಿದು ಕೆಳಗೆ ಒತ್ತಿ ನೋಡಿದಳು. "ಕೋಲು ದೂಡ್ತದೆ!"

"ಆಗ ಅದೇ ಮೈನಸ್ ಹತ್ತು ಸರಿ. ಎಳೀತಾ ಇಲ್ಲ, ದೂಡ್ತಾ ಉಂಟು ಅಂತ ಅದು ಹೇಳುದು. ಮೈನಸ್ ಸುಳ್ಳು ಹೇಳ್ಲಿಲ್ಲ. 'ಇಲ್ಲಿ ಹಗ್ಗ ಆಗುದಿಲ್ಲ, ಹಗ್ಗ ಆಗುದಿಲ್ಲ' ಅಂತ ನನ್ನ ಹತ್ತಿರ ಬಡ್ಕೊಳ್ತಾ ಇತ್ತು. ನಾನು ಕೇಳ್ಲಿಲ್ಲ."

"ಅಯ್ಯೋ! ಮೈನಸ್ಸಿಗೂ ಅರ್ಥ ಹೇಳ್ಲಿಕ್ಕೆ ಉಂಟಾ?" ಹುಡುಗಿ ನಕ್ಕಳು. ಲ್ಯಾಬಿನ ಕಿಟಕಿಯಾಚೆ, ಕಂಬದ ಮರೆಯಿಂದ ಅವರು ಕದ್ದು ಕೇಳಿದ್ದ ಅದೇ ನಗು. ಈಗ ಅದು ಎರಡು ಗೇಣು ದೂರದಲ್ಲಿತ್ತು. "ಇಷ್ಟು ದಿನ ಅದು ಸುಮ್ನೆ ಒಂದು ಗೆರೆ ಅಂತ ಮಾಡಿದ್ದೆ ನಾನು. ಅದಕ್ಕೇ ಬಿಟ್ಟುಹೋಗುದು." ಮತ್ತೆ ಅದೇ ಉಸಿರಿನಲ್ಲಿ, "ನಾಳೆ ಹಸ್ನಾ ಮೇಡಂಗೆ ಇದನ್ನು ಹೇಳ್ತೇನೆ ಅಪ್ಪ. ಕೋಲಿನದ್ದು. ಅವರಿಗೆ ಭಾರಿ ಖುಷಿ ಆಗ್ತದೆ" ಎಂದಳು.

ಒಳಗೆ ಆ ಕಿಚ್ಚು ತಲೆ ಎತ್ತಿತು. ಸಿಕ್ಕಿದ್ದು ಇದೀಗ, ಇದನ್ನೂ ಅಲ್ಲಿಗೇ ಒಯ್ಯುವುದೇ? ಮಹಾಲಿಂಗೇಶ್ವರರು ಹ್ಯಾಂಡಲ್ ಹಿಡಿದು ರಸ್ತೆ ನೋಡುತ್ತ ನಿಂತರು. ಬಂಟ್ವಾಳದ ಕಡೆಯ ಬಸ್ಸು ಇಷ್ಟು ಹೊತ್ತಿಗೆ ಸಿದ್ದಕಟ್ಟೆ ದಾಟಿರಬೇಕು.

"ಹೇಳು," ಎಂದರು. ಆ ಒಂದು ಮಾತು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಅವರು ಸ್ಕೂಟರು ಶುರುಮಾಡಿದರು.